ಇಲ್ಲವಾದ ಗುಡಿಗೆ ಅಚ್ಚಿನ ನೆನಪು

(ಅರಿಶಿನಕುಂಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆ ಒಂದು ಕಾಲಕ್ಕೆ ಗಂಗರ ರಾಜಧಾನಿ ಮಾನ್ಯಪುರವಾಗಿತ್ತು. ಗಂಗ ಮಾರಸಿಂಹನ ಸೇನಾಪತಿ ಶ್ರೀವಿಜಯ ಅಲ್ಲೊಂದು ಜಿನಾಲಯ ಕಟ್ಟಿಸಿದ. ಅದಕ್ಕೆ ದತ್ತಿ ಬಿಟ್ಟ ವಿವರ ಶಕವರ್ಷ 719ರ, ಅಂದರೆ ಕ್ರಿ.ಶ. 797ರ, ತಾಮ್ರಪಟದಲ್ಲಿದೆ. ಐದು ವರ್ಷ ಕಳೆದು 802ರಲ್ಲಿ, ಗಂಗವಾಡಿಯನ್ನು ಆಳುತ್ತಿದ್ದ ರಾಷ್ಟ್ರಕೂಟ ರಾಜಕುಮಾರ ರಣಾವಲೋಕ ಕಂಬ ಅದೇ ಬಸದಿಗೆ ಮತ್ತೊಂದು ದತ್ತಿ ಕೊಟ್ಟ. ನಡುವೆ ಅಧಿಕಾರ ಕೈ ಬದಲಾಗಿತ್ತು, ದತ್ತಿ ಮುಂದುವರಿದಿತ್ತು. ದತ್ತಿ ಉಪನ್ಯಾಸವೊಂದರಲ್ಲಿ ನೆನೆಯಲು ಇದಕ್ಕಿಂತ ಹತ್ತಿರದ ಸಂಗತಿ ಈ ಸೀಮೆಯಲ್ಲಿ ಸಿಗಲಾರದು. ಎರಡೂ ಪಟಗಳ ಪಾಠ ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಶಾಸನಮಾಲೆಯ 9ನೇ ಸಂಪುಟದಲ್ಲಿ, 1905ರಲ್ಲಿ, ಅಚ್ಚಾಯಿತು. ಮಣ್ಣೆಗೆ ಹೋದರೆ ಇವತ್ತೂ ಶಿಥಿಲ ಗುಡಿಗಳಿವೆ, ಕಪಿಲೇಶ್ವರನ ಗುಡಿಯ ಸೊಗಸಾದ ಬಾಗಿಲುವಾಡದ ಕೆತ್ತನೆಯಿದೆ. ಶ್ರೀವಿಜಯನ ಬಸದಿ ಮಾತ್ರ ಅವನು ಕಟ್ಟಿಸಿದ ರೂಪದಲ್ಲಿ ನಿಂತಿಲ್ಲ. ಅಲ್ಲಿ ನಡೆಯುತ್ತಿದ್ದ ಪೂಜೆಯೂ ಇಲ್ಲ. ತಾಮ್ರದ ಮೇಲೆ ಕೊರೆದ ಅಕ್ಷರಗಳು, ಆ ಅಕ್ಷರಗಳಿಂದ ಪುಸ್ತಕಕ್ಕೆ ಬಂದ ಅಚ್ಚು, ಇವಿಷ್ಟರಿಂದಲೇ ಆ ಬಸದಿ ಇತ್ತೆಂದು ನಮಗೆ ಗೊತ್ತು.

ಇಲ್ಲವಾದ ಆರಾಧನಾ ಸ್ಥಳಗಳನ್ನು ನೆನೆಯಲು ಮುದ್ರಣ ಕಲೆಯಿಂದ, ಅಂದರೆ ಮರದಚ್ಚು, ಲಿನೋಕಟ್, ಎಚಿಂಗ್, ಕಲ್ಲಚ್ಚುಗಳಿಂದ ಏನಾದೀತು ಎಂಬುದು ನನ್ನ ಇಂದಿನ ವಿಷಯ. ಈ ಪ್ರಶ್ನೆ ಅತ್ಯಂತ ತೀವ್ರವಾಗಿ ಎದ್ದದ್ದು ಯುರೋಪಿನ ಯೆಹೂದ್ಯರ ವಿಚಾರದಲ್ಲಿ. 1938ರ ನವೆಂಬರ್ 9ರ ರಾತ್ರಿ ಮತ್ತು ಮರುದಿನ ನಾಜಿಗಳು ಸಾವಿರಕ್ಕೂ ಹೆಚ್ಚು ಸಿನಗಾಗ್‌ಗಳನ್ನು, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರಗಳನ್ನು, ಸುಟ್ಟರು, ಒಡೆದರು. ಹಿಂದೆಯೇ ಬಂದ ಯುದ್ಧದಲ್ಲಿ ಪೂರ್ವ ಯುರೋಪಿನ ಮರದ ಸಿನಗಾಗ್‌ಗಳೂ ಬಹುಪಾಲು ಬೂದಿಯಾದವು. ಅಲ್ಲಿ ಪ್ರಾರ್ಥಿಸುತ್ತಿದ್ದ ಜನರನ್ನು ಊರಿಗೆ ಊರೇ ಎಂಬಂತೆ ಕೊಂದರು. ಆ ಕಟ್ಟಡಗಳನ್ನು ಹಳೆಯ ಛಾಯಾಚಿತ್ರ, ನಕ್ಷೆಗಳ ಆಧಾರದಿಂದ ಮರಕ್ಕೆ, ತಾಮ್ರಕ್ಕೆ ಕೊರೆದು ಅಚ್ಚು ತೆಗೆಯುವ ಕಲಾವಿದರಿದ್ದಾರೆ. ಅವರ ಕೆಲಸ ನಮಗೂ ದಾರಿ ತೋರಿಸುತ್ತದೆ ಎಂದು ನನ್ನ ನಂಬಿಕೆ. ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಕಟ್ಟಡ ಹೋಗಿ, ಅಲ್ಲಿ ಸೇರುತ್ತಿದ್ದ ಜನರೂ ಹೋಗಿರುವ ಕಡೆ ಮರುನಿರ್ಮಾಣಕ್ಕಿಂತ ಅಚ್ಚು ಹೆಚ್ಚು ಪ್ರಾಮಾಣಿಕವಾದ ಸ್ಮಾರಕ. ಕಲ್ಲನ್ನೇ ಮುಟ್ಟಿ ತೆಗೆದ ಅಚ್ಚಾದರೆ ಅದರ ಮಾತಿಗೆ ಇನ್ನೂ ತೂಕ. ಆದರೆ ಅದರ ಪ್ರತಿಗಳು ಊರಿಗೆ ಮರಳಿ ಬರುವ ತನಕ ಅದು ದಾಖಲೆಯಾಗಿರುತ್ತದೆ, ಸ್ಮಾರಕವಾಗುವುದಿಲ್ಲ. ಕಲ್ಲನ್ನು ಮುಟ್ಟಿ ಅಚ್ಚು ತೆಗೆಯುವುದರಲ್ಲಿ ಕರ್ನಾಟಕ ಬಹಳ ಮುಂದಿದೆ. ಅದನ್ನು ಊರಿಗೆ ಮರಳಿಸುವುದನ್ನು ನಾವು ಶುರುವೇ ಮಾಡಿಲ್ಲ.

ಪೂರ್ವ ಯುರೋಪಿನಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1916ರ ಸುಮಾರಿಗೆ ಎಲ್ ಲಿಸಿಟ್ಸ್ಕಿ, ಇಸಾಖರ್ ರಿಬಾಕ್ ಎಂಬ ಇಬ್ಬರು ಯುವ ಕಲಾವಿದರು ಇಂದಿನ ಬೆಲಾರುಸ್‌ನ ಊರುಗಳನ್ನು ಸುತ್ತಿ ಮೊಗಿಲೆವ್ ಸಿನಗಾಗ್‌ನ ಭಿತ್ತಿಚಿತ್ರಗಳನ್ನು ನಕಲು ಮಾಡಿಕೊಂಡರು. ಲಿಸಿಟ್ಸ್ಕಿ 1923ರಲ್ಲಿ ಅದರ ಬಗ್ಗೆ ಲೇಖನವನ್ನೂ ಪ್ರಕಟಿಸಿದರು. ಕಟ್ಟಡ ಉಳಿಯಲಿಲ್ಲ, ನಕಲುಗಳು ಮುದ್ರಣದಲ್ಲಿ ಉಳಿದವು. ಇಂದು ಉಕ್ರೇನಿನಲ್ಲಿರುವ ಗ್ವೋಜ್‌ಜೆಟ್ಸ್ ಊರಿನ ಸಿನಗಾಗ್‌ನ ಮರದ ಚಾವಣಿಯ ತುಂಬ ಪ್ರಾಣಿ, ಹೂಬಳ್ಳಿ, ಹೀಬ್ರೂ ಅಕ್ಷರಗಳ ಚಿತ್ರಗಳಿದ್ದವು. ಮೊದಲ ಮಹಾಯುದ್ಧಕ್ಕೆ ಮುಂಚೆ ಆಲೊಯಿಸ್ ಬ್ರೇಯರ್ ಎಂಬ ವಾಸ್ತುಶಿಲ್ಪಿ ಅದರ ಅಳತೆ, ಛಾಯಾಚಿತ್ರಗಳನ್ನು ತೆಗೆದಿದ್ದರು. ಆ ಸಾಮಗ್ರಿ 1934ರಲ್ಲಿ ಪುಸ್ತಕವಾಯಿತು. ಅದರ ಬಲದಿಂದ ವಾರ್ಸಾದ ಪೋಲಿನ್ ವಸ್ತುಸಂಗ್ರಹಾಲಯದಲ್ಲಿ ಆ ಚಾವಣಿಯನ್ನು ಹಳೆಯ ಕಾಲದ ಉಪಕರಣಗಳನ್ನೇ ಬಳಸಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಇನ್ನೊಂದು ಕಡೆ, ವಾರ್ಸಾದ ಪಾಲಿಟೆಕ್ನಿಕ್‌ನಲ್ಲಿ ಯುದ್ಧಕ್ಕೆ ಮೊದಲು ತಯಾರಾಗಿದ್ದ ಅಳತೆಚಿತ್ರಗಳಲ್ಲಿ ಉಳಿದವನ್ನು ಆಧರಿಸಿ ಮರಿಯಾ ಮತ್ತು ಕಾಜಿಮಿಯೇಜ್ ಪಿಯೆಹೋತ್ಕಾ ದಂಪತಿ 1957ರಲ್ಲಿ ಮರದ ಸಿನಗಾಗ್‌ಗಳ ಗ್ರಂಥ ತಂದರು. ಆ ಪುಸ್ತಕ 1970ರಲ್ಲಿ ಅಮೆರಿಕದ ಕಲಾವಿದ ಫ್ರಾಂಕ್ ಸ್ಟೆಲ್ಲಾ ಕೈಸೇರಿತು. ಅವರು ಸಿನಗಾಗ್‌ನ ಚಿತ್ರ ಬರೆಯಲು ಹೋಗಲಿಲ್ಲ. ಮರದ ತುಂಡುಗಳು ಒಂದಕ್ಕೊಂದು ಕೂಡಿಕೊಳ್ಳುವ ಬಗೆಯನ್ನಷ್ಟೇ ಎತ್ತಿಕೊಂಡು ಅಮೂರ್ತ ಕೃತಿಗಳ ಮಾಲೆ ರಚಿಸಿ, ಒಂದೊಂದಕ್ಕೂ ಸಿನಗಾಗ್ ಅಳಿದ ಊರಿನ ಹೆಸರಿಟ್ಟರು.

ಒಂದೇ ಬಗೆಯ ಮೂಲದಿಂದ ಹೊರಟ ಎರಡು ದಾರಿಗಳಿವು. ವಾರ್ಸಾದ ಚಾವಣಿ ಅದ್ಭುತ ಕೆಲಸ, ಅದನ್ನು ಕಡಿಮೆ ಮಾಡಿ ಹೇಳುವ ಇರಾದೆ ನನಗಿಲ್ಲ. ಆದರೆ ಅದರ ಕೆಳಗೆ ಪ್ರಾರ್ಥನೆ ನಡೆಯುವುದಿಲ್ಲ, ಟಿಕೆಟ್ ಪಡೆದು ಬಂದವರು ಕತ್ತೆತ್ತಿ ನೋಡುತ್ತಾರೆ. ಅದು ಗ್ವೋಜ್‌ಜೆಟ್ಸ್‌ನಲ್ಲೂ ಇಲ್ಲ. ಮರುನಿರ್ಮಾಣ ಎಷ್ಟು ಚೆನ್ನಾಗಿರುತ್ತದೋ ಅಷ್ಟರಮಟ್ಟಿಗೆ ಅದು ಏನೂ ಕಳೆದುಹೋಗಿಲ್ಲ ಎಂಬ ಭ್ರಮೆ ಹುಟ್ಟಿಸುತ್ತದೆ. ಅಚ್ಚಿಗೆ ಆ ಅಪಾಯವಿಲ್ಲ. ಕಾಗದದ ಮೇಲಿನ ಮಸಿಯನ್ನು ಯಾರೂ ಕಟ್ಟಡವೆಂದು ತಿಳಿಯುವುದಿಲ್ಲ. ತಾನು ಮತ್ತೊಂದರ ಗುರುತು, ಆ ಮತ್ತೊಂದು ಈಗ ಎದುರಿಗಿಲ್ಲ ಎಂಬುದನ್ನು ಅಚ್ಚು ತನ್ನ ಸ್ವಭಾವದಿಂದಲೇ ಒಪ್ಪಿಕೊಂಡಿರುತ್ತದೆ.

ನಮ್ಮ ನೆರೆಯ ಕೊಚ್ಚಿಯಲ್ಲಿ ಇದರ ಇನ್ನೊಂದು ಮುಖವಿದೆ. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗ್‌ನ ಸಮುದಾಯ ಇಸ್ರೇಲಿಗೆ ಹೋದ ಮೇಲೆ, ಅದರ ಒಳಗಿನ ಮರಗೆಲಸವನ್ನು ಬಿಚ್ಚಿ ಒಯ್ದು ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿ ಜೋಡಿಸಿದರು. ಬರಿದಾದ ಕಟ್ಟಡ ಇಲ್ಲೇ ನಿಂತಿತ್ತು. 2019ರ ಸೆಪ್ಟೆಂಬರ್ ಮಳೆಗೆ ಅದರ ಗೋಡೆ ಕುಸಿಯಿತು. ಒಳಗು ಒಂದು ದೇಶದಲ್ಲಿ, ಹೊರಗು ಇನ್ನೊಂದು ದೇಶದಲ್ಲಿ ಮಣ್ಣುಪಾಲು. ಸಮುದಾಯದವರಿಗೆ ತಮ್ಮ ಮರಗೆಲಸದ ಮೇಲೆ ಹಕ್ಕಿತ್ತು, ಒಯ್ದದ್ದು ತಪ್ಪೆನ್ನಲಾಗದು. ಆದರೆ ಆ ಬಾಗಿಲ ಮುಂದೆ ತಲೆಮಾರುಗಳಿಂದ ಓಡಾಡಿದ ಮಟ್ಟಾಂಚೇರಿಯ ನೆರೆಹೊರೆಗೆ ಉಳಿದದ್ದೇನು? ಕೆತ್ತಿದ ಹಲಗೆಗಳನ್ನು ಬಿಚ್ಚುವ ಮುನ್ನ ಒಂದೊಂದರ ಅಚ್ಚು ತೆಗೆದು ಒಂದು ಕಟ್ಟು ಅಲ್ಲಿಯೇ ಬಿಟ್ಟಿದ್ದರೆ ಮರಗೆಲಸಕ್ಕೇನೂ ಕೊರತೆಯಾಗುತ್ತಿರಲಿಲ್ಲ. ಕನ್ನಡ ನಾಡಿಗೂ ಯೆಹೂದ್ಯರ ನಂಟು ಹೊಸದಲ್ಲ. 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ ಅಬ್ರಹಾಂ ಬೆನ್ ಯಿಜು ಎಂಬಾತನ ಕಾಗದಪತ್ರಗಳು ಸಿಕ್ಕಿದ್ದು ಕೈರೋದ ಬೆನ್ ಎಜ್ರಾ ಸಿನಗಾಗ್‌ನ ಉಗ್ರಾಣದಲ್ಲಿ. ನಮ್ಮ ಕರಾವಳಿಯ ಎಂಟುನೂರು ವರ್ಷಗಳಿಗೂ ಹಿಂದಿನ ದಿನಬಳಕೆಯ ಲೆಕ್ಕವನ್ನು ಒಂದು ಸಿನಗಾಗ್ ಕಾದಿಟ್ಟಿತು, ನಾವಲ್ಲ. ಬೆಂಗಳೂರಿನಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಯೆಹೂದ್ಯರದೊಂದು ಸಣ್ಣ ರುದ್ರಭೂಮಿ ಈಗಲೂ ಇದೆ. ಅಲ್ಲಿನ ಹೀಬ್ರೂ ಅಕ್ಷರದ ಗೋರಿಕಲ್ಲುಗಳೂ ನಾನು ಹೇಳಲಿರುವ ಕೆಲಸದ ಪಟ್ಟಿಯಲ್ಲಿ ಸೇರಬೇಕಾದವೇ.

ಈಗ ನಮ್ಮ ಅಚ್ಚಿನ ಪದ್ಧತಿಗೆ ಬರೋಣ. ಶಾಸನದ ಪಡಿಯಚ್ಚು ತೆಗೆಯುವುದನ್ನು ನಾವು ವಿದ್ವತ್ತಿನ ಕೆಲಸವೆಂದು ತಿಳಿದಿದ್ದೇವೆ. ಅದನ್ನು ಕಲೆಯ ಕಣ್ಣಿನಿಂದ ನೋಡಿಲ್ಲ. ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ ಪಾಚಿ, ಸುಣ್ಣ ತೆಗೆಯುತ್ತಾರೆ. ನೀರಿನಲ್ಲಿ ನೆನೆಸಿದ ಕಾಗದವನ್ನು ಕಲ್ಲಿನ ಮೇಲೆ ಹಾಸಿ, ಗಾಳಿ ಉಳಿಯದಂತೆ ಬ್ರಷ್ಷಿನಿಂದ ತಟ್ಟುತ್ತಾರೆ. ತಟ್ಟಿದಂತೆಲ್ಲ ಕಾಗದ ಅಕ್ಷರದ ತಗ್ಗಿನೊಳಕ್ಕೆ ಇಳಿಯುತ್ತದೆ. ಅದು ಅರೆಬರೆ ಒಣಗಿದಾಗ ಬಟ್ಟೆ ಸುತ್ತಿದ ಉಂಡೆಗೆ ಮಸಿ ಹಚ್ಚಿ ಹದವಾಗಿ ಒತ್ತುತ್ತಾ ಹೋಗುತ್ತಾರೆ. ಉಬ್ಬಿದ ಭಾಗ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಪೂರ್ತಿ ಒಣಗಿದ ಮೇಲೆ ಸುಲಿದು ತೆಗೆಯುತ್ತಾರೆ. ಗಮನಿಸಬೇಕಾದದ್ದು ಇಷ್ಟು: ಮರದಚ್ಚಿನಲ್ಲಿ ಮಸಿ ಹಚ್ಚುವುದು ಮರಕ್ಕೆ, ಆದ್ದರಿಂದ ಚಿತ್ರ ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಮೂಡುತ್ತದೆ. ಪಡಿಯಚ್ಚಿನಲ್ಲಿ ಮಸಿ ಕಲ್ಲನ್ನು ತಾಕುವುದೇ ಇಲ್ಲ. ಕಾಗದದ ಹೊರಮೈಗೆ ಹತ್ತುತ್ತದೆ, ಅಕ್ಷರ ನೇರವಾಗಿಯೇ ಓದಲು ಬರುತ್ತದೆ. ತಾಮ್ರಪಟದ ಅಚ್ಚಿನಲ್ಲಿ ಇನ್ನೊಂದು ವಿಶೇಷವಿದೆ. ಎಚಿಂಗ್ ಮಾಡುವ ಕಲಾವಿದರೂ ತಾಮ್ರದ ತಗಡನ್ನೇ ಬಳಸುತ್ತಾರೆ, ಆದರೆ ಅವರ ಮಸಿ ಗೀರಿನೊಳಗೆ ಕೂತು ಕಪ್ಪು ಗೆರೆಯಾಗಿ ಮೂಡುತ್ತದೆ. ಶಾಸನತಜ್ಞರ ಅಚ್ಚಿನಲ್ಲಿ ಗೀರು ಬಿಳಿ, ಸುತ್ತಣ ಮೈ ಕಪ್ಪು. ಮಣ್ಣೆಯ ಪಟ ಕೊರೆದ ಕುಶಲಕರ್ಮಿ ತಾನು ಅಚ್ಚಿನ ಫಲಕವೊಂದನ್ನು ತಯಾರಿಸುತ್ತಿದ್ದೇನೆಂದು ಊಹಿಸಿರಲಾರ. ಆದರೆ ಅವನು ಮಾಡಿಟ್ಟದ್ದು ಅದನ್ನೇ.

ಹೀಗೆ ಕಾಗದ ಕಲ್ಲಿನ ಮೈಗೆ ಮೈತಾಗಿಸಿ ಪಡೆದ ಗುರುತಿಗೂ, ದೂರ ನಿಂತು ಬರೆದ ನೋಟಕ್ಕೂ ಇರುವ ಅಂತರ ಬೆಂಗಳೂರಿನ ಕೋಟೆಯ ವಿಷಯದಲ್ಲಿ ಕಣ್ಣಿಗೆ ಹೊಡೆಯುತ್ತದೆ. 1791ರಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್‌ನ ಸೇನೆ ಕೋಟೆಯನ್ನು ಹಿಡಿಯಿತು. ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ನೋಟಗಳನ್ನು ಬರೆದ. ಅವು 1794ರಲ್ಲಿ ಲಂಡನ್ನಿನಲ್ಲಿ ತಾಮ್ರದಚ್ಚಿನ ಪುಸ್ತಕವಾದವು. ಅದೇ ಯುದ್ಧದ ಫಿರಂಗಿದಳದ ಅಧಿಕಾರಿ ಜೇಮ್ಸ್ ಹಂಟರ್ ಬರೆದ ಚಿತ್ರಗಳು ಅವನು ತೀರಿಕೊಂಡ ಮೇಲೆ, 1804-05ರಲ್ಲಿ, ಬಣ್ಣದ ಅಚ್ಚುಗಳಾಗಿ ಬಂದವು. ಕಲ್ಲಿನ ಕೋಟೆಯಲ್ಲಿ ದೆಹಲಿ ಬಾಗಿಲ ಕಡೆಯದೊಂದು ಸಣ್ಣ ಭಾಗ ಬಿಟ್ಟರೆ ಉಳಿದದ್ದು ಕಡಿಮೆ. ಕೋಟೆ ಹೇಗಿತ್ತೆಂದು ನೋಡಬೇಕಾದರೆ ಈ ಅಚ್ಚುಗಳ ಮೊರೆ ಹೋಗಲೇಬೇಕು. ಕಟ್ಟಡಕ್ಕಿಂತ ಅಚ್ಚಿನ ಆಯಸ್ಸು ದೊಡ್ಡದು ಎಂಬುದಕ್ಕೆ ಇದು ಸಾಕ್ಷಿ. ಜೊತೆಗೆ, ಅಚ್ಚಿನಲ್ಲಿ ಉಳಿಯುವುದು ಗೆದ್ದವರ ಕಣ್ಣು ಎಂಬುದಕ್ಕೂ ಸಾಕ್ಷಿ. ಎಲ್ಲಿ ನಿಂತು ನೋಡಬೇಕು, ಯಾವ ಗೋಡೆಯನ್ನು ಎತ್ತರಿಸಬೇಕು, ಮುಂಭಾಗದಲ್ಲಿ ಯಾರನ್ನು ನಿಲ್ಲಿಸಬೇಕು, ಎಲ್ಲವೂ ಚಿತ್ರಕಾರನ ಆಯ್ಕೆ. ಪಡಿಯಚ್ಚಿನಲ್ಲಿ ಈ ಆಯ್ಕೆಗೆ ಜಾಗ ತೀರ ಕಡಿಮೆ. ಕಲ್ಲು ಒಡೆದಿದ್ದರೆ ಒಡಕು ಮೂಡುತ್ತದೆ, ಯಾರೋ ಉಳಿಯಿಂದ ಹೊಡೆದಿದ್ದರೆ ಅದೂ ಮೂಡುತ್ತದೆ. ಬಂಗಾಳದ ಕಲಾವಿದ ಸೋಮನಾಥ ಹೋರ್ 1970ರ ದಶಕದ ತಮ್ಮ ‘ಗಾಯ’ ಮಾಲೆಯಲ್ಲಿ ಮಸಿಯನ್ನೇ ಬಿಟ್ಟು, ಗಾಯದಂಥ ತಗ್ಗುಗಳಿದ್ದ ಅಚ್ಚಿನ ಮೇಲೆ ಕಾಗದದ ತಿರುಳನ್ನು ಹಾಸಿ ಬಿಳಿಯ ಮೇಲೆ ಬಿಳಿಯ ಗುರುತುಗಳನ್ನು ಪಡೆದರು. ಶಾಸನ ಇಲಾಖೆಯ ನೌಕರರು ಬಿಸಿಲಲ್ಲಿ ಕೂತು ಮಾಡುವ ಕೆಲಸಕ್ಕೂ ಈ ದೊಡ್ಡ ಕಲಾವಿದರ ಕೆಲಸಕ್ಕೂ ಮೂಲದಲ್ಲಿ ಅಂತರವಿಲ್ಲ. ಎರಡರಲ್ಲೂ ಕಾಗದ ತನ್ನ ಮೈಮೇಲೆ ಪೆಟ್ಟನ್ನು ಪಡೆದುಕೊಳ್ಳುತ್ತದೆ.

ಪಡಿಯಚ್ಚು ಬರಿಯ ದಾಖಲೆ, ಅದನ್ನು ಸ್ಮಾರಕವೆಂದು ಎತ್ತರಕ್ಕೇರಿಸುವುದು ಅತಿಯಾಯಿತು ಎನ್ನುವವರಿಗೆ ಚೀನಾದ ಉದಾಹರಣೆ ಕೊಡಬಹುದು. ಹುವಾಷಾನ್ ಬೆಟ್ಟದ ದೇಗುಲದಲ್ಲಿ ಕ್ರಿ.ಶ. 165ರ ಒಂದು ಶಾಸನಕಲ್ಲಿತ್ತು. 1555ರ ಸುಮಾರಿನ ಘೋರ ಭೂಕಂಪದಲ್ಲಿ ಅದು ನಾಶವಾಯಿತು. ಅದಕ್ಕೆ ಮೊದಲೇ ತೆಗೆದಿದ್ದ ಮಸಿಯಚ್ಚಿನ ಕೆಲವೇ ಪ್ರತಿಗಳು ಉಳಿದವು. ಚೀನಾದ ಲಿಪಿಕಾರರು ಇಂದಿಗೂ ಆ ಪ್ರತಿಗಳನ್ನು ನೋಡಿ ಅಕ್ಷರ ತಿದ್ದುತ್ತಾರೆ. ಕಲ್ಲು ಹೋಗಿ ನಾಲ್ಕೂವರೆ ಶತಮಾನ ಕಳೆದರೂ ಅದರ ಬರಹ ಜನರ ಕೈಯಲ್ಲಿ ಆಡುತ್ತಿದೆ. ಇದು ಸಾಧ್ಯವಾದದ್ದು ಅಚ್ಚುಗಳನ್ನು ಅಲ್ಲಿನವರು ಕೊಂಡು, ಮಾರಿ, ಮನೆಯಲ್ಲಿಟ್ಟು, ಕಟ್ಟು ಹಾಕಿಸಿ, ಬದಿಯಲ್ಲಿ ತಮ್ಮ ಟಿಪ್ಪಣಿ ಬರೆದು ಬಳಸಿದ್ದರಿಂದ. ಪ್ರತಿಗಳು ಹಲವೆಡೆ ಹರಡಿರುವುದರ ಬೆಲೆ ನಮ್ಮ ದೇಶದಲ್ಲೂ ಕಂಡಿದೆ. ಕಲಾವಿದ ಚಿತ್ತಪ್ರಸಾದರು 1943ರ ಬಂಗಾಳದ ಬರಗಾಲವನ್ನು ಕಂಡು ಬರೆದ ರೇಖಾಚಿತ್ರಗಳ ಪುಸ್ತಕದ ಪ್ರತಿಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡು ಸುಟ್ಟಿತು. ಅವರ ಕುಟುಂಬದ ಬಳಿ ಉಳಿದಿದ್ದ ಒಂದೇ ಪ್ರತಿಯಿಂದ ಬಹುಕಾಲದ ನಂತರ ಅದನ್ನು ಮರುಮುದ್ರಿಸಿದರು. ಸುಡುವವರಿಗೆ ಎಲ್ಲ ಪ್ರತಿಯೂ ಸಿಗಬೇಕು, ಉಳಿಸುವವರಿಗೆ ಒಂದು ಸಿಕ್ಕರೆ ಸಾಕು.

ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಹತ್ತಾರು ಸಾವಿರ ಪಡಿಯಚ್ಚುಗಳು ಅಲ್ಲಿ ಕಟ್ಟುಕಟ್ಟಾಗಿ ಶೇಖರವಾಗಿವೆ. ಅವನ್ನು ಕಾಪಾಡಿದವರಿಗೆ ನಾವು ಋಣಿಗಳು. ಆದರೆ ಬಹುತೇಕ ಅಚ್ಚುಗಳನ್ನು, ಅವನ್ನು ತೆಗೆದ ಊರಿನವರು ಯಾರೂ ಕಂಡಿಲ್ಲ. 2021ರಲ್ಲಿ ಮದ್ರಾಸ್ ಹೈಕೋರ್ಟ್ ತಮಿಳು ಶಾಸನಗಳ ಅಚ್ಚುಗಳನ್ನು ಚೆನ್ನೈಗೆ ಸಾಗಿಸಬೇಕೆಂದು ಆದೇಶಿಸಿತು. ನಮ್ಮಲ್ಲಿ ಕೆಲವರಿಗೆ ಅದು ಅಸಮಾಧಾನ ತಂದಿರಬಹುದು. ನನಗೆ ಅದರಲ್ಲಿ ಕಾಣುವುದು ಬೇರೆ. ಅಚ್ಚು ಎಂಬುದೇ ಹಲವು ಪ್ರತಿಗಳಿಗಾಗಿ ಹುಟ್ಟಿದ ವಿದ್ಯೆ. ಅಂಥದರಲ್ಲಿ ಒಂದೇ ಪ್ರತಿ ಇಟ್ಟುಕೊಂಡು ಅದು ಯಾರದು, ಎಲ್ಲಿರಬೇಕು ಎಂದು ನ್ಯಾಯಾಲಯಕ್ಕೆ ಹೋಗುವ ಸ್ಥಿತಿ ತಂದುಕೊಂಡಿದ್ದೇವೆ. ತಂಜಾವೂರಿನ ಕಲ್ಲಿನ ಅಚ್ಚು ತಂಜಾವೂರಿನಲ್ಲೂ ಚೆನ್ನೈಯಲ್ಲೂ ಮೈಸೂರಿನಲ್ಲೂ ಇದ್ದಿದ್ದರೆ ಜಗಳವೇ ಇರುತ್ತಿರಲಿಲ್ಲ. ಅದೇ ರೀತಿ, 1905ರ 9ನೇ ಸಂಪುಟದಲ್ಲಿ ಬೆಂಗಳೂರು, ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳಿವೆ. ಅಂದು ನಕಲು ಮಾಡಿಕೊಂಡ ಕಲ್ಲುಗಳಲ್ಲಿ ಹಲವು ಇಂದು ಸ್ಥಳದಲ್ಲಿಲ್ಲ. ಬಡಾವಣೆಯ ಮಟ್ಟಸಕ್ಕೆ ಹೋದವು, ಮೋರಿಯ ಚಪ್ಪಡಿಯಾದವು, ಗೋಡೌನಿನ ತಳಪಾಯಕ್ಕೆ ಬಿದ್ದವು. ಹೆದ್ದಾರಿ ಪಕ್ಕದ ಈ ಊರುಗಳಲ್ಲಿ ಕೂತು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಗಂಭೀರವಾದ ಒಂದು ಆಕ್ಷೇಪ ಬರುತ್ತದೆ. ಯುರೋಪಿನಲ್ಲಿ ನಡೆದದ್ದು ನರಮೇಧ. ನಮ್ಮಲ್ಲಿ ನಡೆದದ್ದು ಅಸಡ್ಡೆ, ಅಧಿಕಾರದ ಏರಿಳಿತ, ನಿಧಾನವಾದ ವಲಸೆ, ರಿಯಲ್ ಎಸ್ಟೇಟು. ಇವೆರಡನ್ನು ಒಂದೇ ಉಸಿರಿನಲ್ಲಿ ಹೇಳುವುದು ಸತ್ತವರಿಗೆ ಅಗೌರವವಲ್ಲವೇ? ಆಕ್ಷೇಪದ ಅರ್ಧವನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಕಾರಣಗಳು ಒಂದೇ ಅಲ್ಲ, ಒಂದೇ ಎಂದವರು ಎರಡೂ ಚರಿತ್ರೆಗಳನ್ನು ಕೆಡಿಸುತ್ತಾರೆ. ನಾನು ಹೋಲಿಸುತ್ತಿರುವುದು ನಂತರದ ಪರಿಸ್ಥಿತಿಯನ್ನು. ಗುಡಿ ಇಲ್ಲ, ಗುಡಿಯ ಜನ ಇಲ್ಲ, ನೆನೆಯಬೇಕಾದ ಹೊಣೆ ಆ ಜಾಗದಲ್ಲಿ ಈಗ ಬದುಕುತ್ತಿರುವ ಬೇರೆಯವರ ಮೇಲೆ ಬಿದ್ದಿದೆ. ಮಣ್ಣೆಯ ಬಸದಿಯನ್ನು ನೆನೆಯಬೇಕಾದವರು ಹೆಚ್ಚಾಗಿ ಜೈನರಲ್ಲ. ಗ್ವೋಜ್‌ಜೆಟ್ಸ್‌ನ ಸಿನಗಾಗನ್ನು ಅದರ ಊರಿನಲ್ಲಿ ನೆನೆಯಬೇಕಾದವರು ಯೆಹೂದ್ಯರಲ್ಲ. ಬೇರೆಯವರ ದೇವರ ಮನೆಯನ್ನು ನೆನೆಯುವವರಿಗೆ ಅದನ್ನು ಮತ್ತೆ ಕಟ್ಟುವ ಅಧಿಕಾರವಿಲ್ಲ, ಮರೆಯುವ ಸ್ವಾತಂತ್ರ್ಯವೂ ಇಲ್ಲ. ಕಟ್ಟಿದರೆ ಅದು ನಮ್ಮ ಕಟ್ಟಡವಾಗುತ್ತದೆ, ನಮ್ಮ ಹೆಸರಿನ ಫಲಕ ಅದರ ಮೇಲೆ ಏರುತ್ತದೆ. ಅಚ್ಚು ತೆಗೆದರೆ ಆ ತೊಂದರೆಯಿಲ್ಲ. ಅಲ್ಲಿ ಮೂಡುವುದು ಅವರದೇ ಕೆತ್ತನೆ.

ಇದಕ್ಕೆ ಊರಿನವರೊಬ್ಬರು ಕೇಳಬಹುದಾದ ಮರುಪ್ರಶ್ನೆ ನ್ಯಾಯವಾದದ್ದು: ನಮ್ಮಲ್ಲಿ ಹಳೆಯ ಗುಡಿಯನ್ನು ಜೀರ್ಣೋದ್ಧಾರ ಮಾಡುವುದೇ ಪದ್ಧತಿ, ಕಾಗದದ ಮೇಲೆ ಮಸಿ ಒತ್ತಿ ನೆನೆಯುವುದು ಎಲ್ಲಿಂದ ಬಂದ ರೂಢಿ? ಪೂಜೆ ನಡೆಯುತ್ತಿರುವ ಗುಡಿಗೆ ಜೀರ್ಣೋದ್ಧಾರವೇ ಸರಿ. ಜನರಿರುವ ಕಡೆ ಕಟ್ಟಡ ಅವರ ಅಗತ್ಯದಂತೆ ಬದಲಾಗಲೇಬೇಕು, ಶಾಸ್ತ್ರವೂ ಅದನ್ನು ಹೇಳುತ್ತದೆ. ನನ್ನ ವಾದ ಪೂಜೆ ನಿಂತ ಸ್ಥಳಗಳಿಗೆ ಸಂಬಂಧಿಸಿದ್ದು. ಆದರೂ ಜೀರ್ಣೋದ್ಧಾರ ನಡೆದಾಗ ಕಳೆದುಹೋಗುವುದೇನು ಎಂಬುದನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಗೋಡೆಯ ಶಾಸನಕ್ಕೆ ಆಯಿಲ್ ಪೇಂಟ್ ಬಳಿಯುತ್ತಾರೆ, ನೆಲದ ಕಲ್ಲಿನ ಮೇಲೆ ಗ್ರಾನೈಟ್ ಹಾಸುತ್ತಾರೆ, ಸವೆದ ಹೊಸ್ತಿಲನ್ನು ಕಿತ್ತು ಹೊರಗೆಸೆಯುತ್ತಾರೆ. ಯಾರದೂ ಕೆಟ್ಟ ಉದ್ದೇಶವಲ್ಲ. ಕೆಲಸ ಶುರುವಾಗುವ ಮುಂಚಿನ ಒಂದು ವಾರದಲ್ಲಿ ಇವುಗಳ ಅಚ್ಚು ತೆಗೆದಿಟ್ಟರೆ ಹೊಸ ಗುಡಿಗೂ ಲೋಪವಿಲ್ಲ, ಹಳೆಯದೂ ಪೂರ್ತಿ ಅಳಿಯುವುದಿಲ್ಲ. ಜೀರ್ಣೋದ್ಧಾರದ ಅಂದಾಜುಪಟ್ಟಿಯಲ್ಲಿ ಇದಕ್ಕೊಂದು ಸಾಲು ಸೇರಿಸಿದರೆ ಆಗುವ ಖರ್ಚು ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗಲಾರದು.

ತಾಂತ್ರಿಕವಾದ ಆಕ್ಷೇಪವೊಂದಿದೆ, ಇದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಕಣ್ಣಿಗೂ ಪಡಿಯಚ್ಚಿಗೂ ಸಿಗದ ಸವೆದ ಅಕ್ಷರ ಅದರಲ್ಲಿ ಓದಲು ಸಿಗುತ್ತದೆ. ಬ್ರಷ್ಷಿನಿಂದ ತಟ್ಟಿದಾಗ ಸಡಿಲವಾದ ಕಲ್ಲಿನ ಪದರ ಏಳುವ ಅಪಾಯವೂ ಸ್ಕ್ಯಾನಿನಲ್ಲಿಲ್ಲ. ಹಾಗಿರುವಾಗ ಹಳೆಯ ಮಸಿಯ ಕೆಲಸ ಏಕೆ? ಓದುವುದಕ್ಕೆ, ಅಳೆಯುವುದಕ್ಕೆ, ಕಾಪಿಡುವುದಕ್ಕೆ ಸ್ಕ್ಯಾನ್ ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಸಡಿಲವಾದ ಕಲ್ಲಿಗೆ ಒದ್ದೆ ಕಾಗದ ತಾಗಿಸಲೇಬಾರದು. ಆದರೆ ನೆನೆಯುವುದು ಓದುವುದಕ್ಕಿಂತ ಬೇರೆ ಕೆಲಸ. ಕಡತವನ್ನು ಹುಡುಕಿಕೊಂಡು ಹೋಗಬೇಕು, ತೆರೆಯಲು ಯಂತ್ರ ಬೇಕು. ಶಾಲೆಯ ಗೋಡೆಯ ಮೇಲಿನ ಆಳೆತ್ತರದ ಕಾಗದ ಹುಡುಕದವರ ಕಣ್ಣಿಗೂ ಬೀಳುತ್ತದೆ, ಕಲ್ಲಿನಷ್ಟೇ ದೊಡ್ಡದಾಗಿ. ಇವೆರಡನ್ನು ಎದುರುಬದುರು ನಿಲ್ಲಿಸಬೇಕಾದ ಅಗತ್ಯವೂ ಇಲ್ಲ. ಸ್ಕ್ಯಾನಿನ ಕಡತದಿಂದಲೇ ಸಿಎನ್‌ಸಿ ಯಂತ್ರದಲ್ಲಿ ಮರದ ಹಲಗೆ ಕೊರೆಸಬಹುದು, ಆ ಹಲಗೆಯಿಂದ ಬೇಕಾದಷ್ಟು ಅಚ್ಚು ತೆಗೆಯಬಹುದು. ನೆಲಮಂಗಲದ ಸುತ್ತ ಮರಗೆಲಸದ ಅಂಗಡಿಗಳಲ್ಲಿ ಬಾಗಿಲಿಗೆ ಹೂಬಳ್ಳಿ ಕೊರೆಯುವ ಅದೇ ಯಂತ್ರ. ಕಲ್ಲನ್ನು ಒಮ್ಮೆಯೂ ಒದ್ದೆ ಮಾಡದೆ, ಅದರ ಮೈಯ ಗುರುತನ್ನು ನೂರು ಮನೆಗೆ ತಲುಪಿಸಲು ಸಾಧ್ಯ.

ಕೊನೆಯದು, ನನ್ನ ಮಟ್ಟಿಗೆ ಅತ್ಯಂತ ಕಷ್ಟದ ಪ್ರಶ್ನೆ. ಶ್ರೀವಿಜಯ ಸೇನಾಪತಿ, ತಾಮ್ರಪಟ ಬರೆಸುವ ಶಕ್ತಿ ಇದ್ದವನು. ಅಕ್ಷರವಿಲ್ಲದವರ ಗುಡಿಗಳ ಗತಿ ಏನು? ಕೆರೆ ಏರಿಯ ಮೇಲಿನ ಅಮ್ಮನ ಕಲ್ಲು, ಕೇರಿಯ ಹೊರಗಿನ ಮೂರು ಚಪ್ಪಡಿಯ ಗುಡಿ, ಹೆಸರಿಲ್ಲದ ಮಾಸ್ತಿಕಲ್ಲು, ಇವು ಎಪಿಗ್ರಾಫಿಯಾದ ಯಾವ ಸಂಪುಟಕ್ಕೂ ಸೇರಲಿಲ್ಲ. ಸೇರಲಿಲ್ಲವಾದ್ದರಿಂದ ಅವು ಹೋದಾಗ ಹೋದವೆಂದು ಹೇಳುವ ಪುಟವೂ ಇಲ್ಲ. ಶಾಸನಶಾಸ್ತ್ರ ಅಕ್ಷರವನ್ನು ಆರಿಸಿಕೊಂಡದ್ದು ಅದರ ಶಿಸ್ತಿಗೆ ಸಹಜ. ಮುದ್ರಣ ಕಲಾವಿದರಿಗೆ ಆ ಕಟ್ಟಿಲ್ಲ. ಕಾಗದ ಅಕ್ಷರವನ್ನೂ ಸವೆತವನ್ನೂ ಒಂದೇ ಸಮನಾಗಿ ಹಿಡಿಯುತ್ತದೆ. ಸಾವಿರಾರು ಕಾಲು ತುಳಿದು ನಡುವೆ ತಗ್ಗಾದ ಹೊಸ್ತಿಲು, ತೆಂಗಿನಕಾಯಿ ಒಡೆದೊಡೆದು ಗುಳಿಬಿದ್ದ ಕಲ್ಲು, ಅರಿಶಿನ ಎಣ್ಣೆ ಕುಡಿದು ನುಣುಪಾದ ಮೈ, ಎಲ್ಲವೂ ಅಚ್ಚಿಗೆ ಬರುತ್ತವೆ. ಯಾವುದನ್ನು ಮೊದಲು ಎತ್ತಿಕೊಳ್ಳಬೇಕೆಂದು ನನ್ನನ್ನು ಕೇಳಿದರೆ ಇವನ್ನೇ ಎನ್ನುತ್ತೇನೆ. ಮಣ್ಣೆಯ ಪಟಗಳ ಪಾಠ ಒಂದು ಶತಮಾನದಿಂದ ಪುಸ್ತಕದಲ್ಲಿ ಭದ್ರವಾಗಿದೆ, ಅದಕ್ಕೆ ಆತುರವಿಲ್ಲ.

ಕೆಲಸದ ರೀತಿಯನ್ನೂ ಹೇಳಿ ಮುಗಿಸುತ್ತೇನೆ. ಒಂದೊಂದು ಅಚ್ಚಿನ ಕೆಳಗೆ ಊರು, ಗುಡಿಯ ಹೆಸರು, ಅಚ್ಚು ತೆಗೆದ ತಾರೀಕು, ಅಂದಿಗೆ ಕಲ್ಲು ಎಲ್ಲಿ ಯಾವ ಸ್ಥಿತಿಯಲ್ಲಿತ್ತು ಎಂಬುದು ಕನ್ನಡದಲ್ಲಿರಬೇಕು. ಒಂದು ಪ್ರತಿ ಊರಿನ ಶಾಲೆಗೆ, ಒಂದು ಪಂಚಾಯಿತಿ ಇಲ್ಲವೇ ನಗರಸಭೆಗೆ, ಒಂದು ಗ್ರಂಥಾಲಯಕ್ಕೆ, ಒಂದು ಮೈಸೂರಿಗೆ, ಉಳಿದವು ಕೇಳಿದ ಮನೆಗಳಿಗೆ. ಬೆಲೆ ಕಾಗದ ಮಸಿಯ ಖರ್ಚಿಗಿಂತ ಹೆಚ್ಚಿರಬಾರದು. ಮುದ್ರಣ ಕಲಾವಿದರಲ್ಲಿ ಒಂದು ಸಂಪ್ರದಾಯವಿದೆ. ಇಂತಿಷ್ಟೇ ಪ್ರತಿಗಳೆಂದು ನಿಗದಿ ಮಾಡಿ, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಕ್ರಮಸಂಖ್ಯೆ ಬರೆದು, ಕೊನೆಗೆ ಫಲಕದ ಮೇಲೆ ಅಡ್ಡಗೆರೆ ಎಳೆದು ಅದನ್ನು ರದ್ದು ಮಾಡುತ್ತಾರೆ. ಕೊಂಡವರ ಪ್ರತಿಗೆ ಬೆಲೆ ಉಳಿಯಲೆಂದು ಮಾಡಿಕೊಂಡ ನಿಯಮ ಅದು, ಮಾರುಕಟ್ಟೆಗೆ ಸಲ್ಲುತ್ತದೆ. ಇಲ್ಲವಾದ ಗುಡಿಯ ಅಚ್ಚಿಗೆ ಆ ನಿಯಮ ಬೇಡ. ಸಂಖ್ಯೆ ಹಾಕಿ, ಲೆಕ್ಕಕ್ಕೆ ಬೇಕು. ಫಲಕವನ್ನು ಮಾತ್ರ ಗೀಚದೆ, ಮಸಿ ಒರೆಸಿ ತಾಲ್ಲೂಕು ಗ್ರಂಥಾಲಯಕ್ಕೆ ಒಪ್ಪಿಸಿ. ಮುಂದೆ ಯಾರಿಗಾದರೂ ಇನ್ನೊಂದು ಪ್ರತಿ ಬೇಕಾದೀತು.